ಚಿಗರಿಯ ಕುತ್ತಿಗೆ

ನಿನ್ನೆ ಅಣ್ಣಿಗೇರಿಯ ಬಸ್ ನಿಲ್ದಾಣದಲ್ಲಿ ಮುರಿದ ಬೆಂಚಿಗೆ ಯಾರೋ ವೆಲ್ಡಿಂಗ್ ಮಾಡುತ್ತಿದ್ದರು. ಸುಟ್ಟ ಕಬ್ಬಿಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಣ್ಣು ಮುಚ್ಚಿ ಮುಖ ತಿರುಗಿಸಿಕೊಂಡೆ. ಪಕ್ಕದಲ್ಲಿದ್ದ ಹೆಣ್ಣುಮಗಳು ನನಗೆ ಚಕ್ಕರ್ ಬಂತೆಂದು ತಿಳಿದು ಸರಿದು ಜಾಗ ಮಾಡಿಕೊಟ್ಟಳು. ಚಕ್ಕರ್ ಅಲ್ಲ ತಾಯಿ, ಇಪ್ಪತ್ತೆಂಟು ವರ್ಷದ ರೂಢಿ ಎನ್ನಬೇಕೆಂದುಕೊಂಡೆ.

ನನ್ನ ಹೆಂಡತಿ ನೀಲವ್ವ ವೆಲ್ಡಿಂಗ್ ಮಾಡುತ್ತಿದ್ದಳು. ಹೀಗೆಂದರೆ ಜನ ಇನ್ನೊಮ್ಮೆ ಕೇಳುತ್ತಾರೆ; ನಿಮಗೂ ಹಾಗೆ ಅನಿಸಿದರೆ ತಪ್ಪಿಲ್ಲ. ಅವಳ ತಂದೆಗೆ ಗಂಡುಮಕ್ಕಳಿರಲಿಲ್ಲ, ಗದಗ ರಸ್ತೆಗೆ ಒಂದು ತಗಡಿನ ವೆಲ್ಡಿಂಗ್ ಶೆಡ್ ಇತ್ತು. ಅವರ ನಂತರ ಅದನ್ನು ಅವಳು ನಡೆಸಿದಳು. ನಾನು ಸೊಸೈಟಿಯ ಗುಮಾಸ್ತ. ಸಂಜೆ ಆಫೀಸಿಗೆ ಬೀಗ ಹಾಕಿ ಶೆಡ್ಡಿಗೆ ಹೋಗಿ, ಅವಳು ಕೊಟ್ಟದ್ದನ್ನು ಇಕ್ಕಳದಲ್ಲಿ ಹಿಡಿದು ನಿಲ್ಲುವುದು ನನ್ನ ಎರಡನೆಯ ನೌಕರಿ. ಅದರಲ್ಲಿ ಬಡ್ತಿ ಸಿಗಲೇ ಇಲ್ಲ.

"ಕಣ್ಣ ಮುಚ್ಚರಿ," ಅನ್ನುತ್ತಿದ್ದಳು. "ಕೈ ಯಾಕ ಅಳ್ಳಾಡತೈತಿ?"

"ಕಣ್ಣ ಮುಚ್ಚಿದ್ರ ಕೈ ಎಲ್ಲೈತಿ ಅಂತ ಹೆಂಗ ಗೊತ್ತಾಗಬೇಕ ಬೇ?"

"ಸೊಸೈಟ್ಯಾಗೂ ಹಿಂಗ ಕಣ್ಣ ಮುಚ್ಚೇ ಬರೀತೀರೇನ್ರಿ?"

ಟ್ರ್ಯಾಲಿ, ಗೇಟು, ಇವು ಹೊಟ್ಟೆಯ ಕೆಲಸ. ಹೊಲದಲ್ಲಿ ಉಜ್ಜಿ ಸವೆದ ಕುಂಟೆಯ ಕುಡಗಳನ್ನು, ಆ ಕಬ್ಬಿಣದ ಅಲಗುಗಳನ್ನು, ಮಾತ್ರ ಅವಳು ಗುಜರಿಗೆ ಹಾಕುತ್ತಿರಲಿಲ್ಲ. ಅವನ್ನು ಕತ್ತರಿಸಿ, ಕಾಯಿಸಿ, ಬಡಿದು ಬಾಗಿಸಿ, ಒಂದಕ್ಕೊಂದು ಬೆಸೆದು ಕೊಕ್ಕರೆ, ಹೋರಿ ಮಾಡುತ್ತಿದ್ದಳು. ಕುಬಿಹಾಳದ ಶಾಲೆಯ ಹೆಡ್ ಮಾಸ್ತರು ಅಂಗಳಕ್ಕೊಂದು ಚಿಗರಿ ಬೇಕೆಂದರು. ನಮ್ಮ ಎರೆಹೊಲಗಳಲ್ಲಿ ಜಿಂಕೆ ಚಂಗನೆ ಜಿಗಿಯುತ್ತದಲ್ಲ, ಅದೇ ಚಿಗರಿ, ತಲೆಯೆತ್ತಿ ನಿಂತಂತೆ.

ಅದನ್ನು ಮಾಡುತ್ತಿರುವಾಗಲೇ ಅವಳ ಕಿಡ್ನಿ ಕೆಟ್ಟದ್ದು ಗೊತ್ತಾಯಿತು. ವಾರಕ್ಕೆರಡು ದಿನ ಹುಬ್ಬಳ್ಳಿಯ ಆಸ್ಪತ್ರೆ, ಉಳಿದ ದಿನ ಶೆಡ್. ಊಟದ ತಾಟು ಹಿಡಿದರೆ ಕೈ ನಡುಗುತ್ತಿತ್ತು. ಚಿಗರಿಯ ಕಾಲು, ಮೈ ಮುಗಿದವು. ಕುತ್ತಿಗೆಗೆ ಟಾಕಾ ಹಾಕಿದಳು, ಅಂದರೆ ಅಲ್ಲಲ್ಲಿ ಚುಕ್ಕೆಯಷ್ಟು ಬೆಸೆದು ನಿಲ್ಲಿಸಿದಳು. ಪೂರ್ತಿ ಬೆಸೆಯುವ ಮೊದಲೇ ತೀರಿಕೊಂಡಳು.

ತಿಂಗಳ ಮೇಲೆ ದಾವಲಸಾಬ ಬಂದ. ನನ್ನ ಮಾವನ ಕೈಯಲ್ಲಿ ಕೆಲಸ ಕಲಿತವನು, ಗೇಟು ಮಾಡುತ್ತಾನೆ. ಚಿಗರಿಯನ್ನು ತಾನು ಮುಗಿಸಿಕೊಡುತ್ತೇನೆಂದ. ಸುತ್ತ ತಿರುಗಿ ನೋಡಿದ.

"ಮಾವಾರ, ಕುತ್ತಿಗಿ ಎಡಕ್ಕ ವಾಲೇತಲ್ರಿ. ಅಕ್ಕಾರು ಹಿಂಗ್ಯಾಕ ಇಟ್ಟಾರ?"

"ಕೈ ನಡಗತಿತ್ತಪಾ ಆಕಿಗೆ. ನೆಟ್ಟಗ ಮಾಡು."

"ತಡೀರಿ, ಒಂಚೂರು ವಿಚಾರ ಮಾಡೂಣು..."

"ಮಾಡಂದ್ರ ಮಾಡೋ ಮಾರಾಯಾ! ಮಂದಿ ಆಕಿಗೆ ನಗಬಾರ್ದು."

ಅವನು ಟಾಕಾ ಒಡೆದು, ಕುತ್ತಿಗೆ ನೆಟ್ಟಗೆ ನಿಲ್ಲಿಸಿ, ಬಲಗಡೆಯಿಂದ ಬೆಸೆದ. ಎಡಗಡೆ ಬೆಸೆಯುವ ರಾಡು ಹೋಗಲು ಜಾಗವಿರಲಿಲ್ಲ. ನಾನು ಇಕ್ಕಳ ಹಿಡಿದಿದ್ದೆ. ಅವತ್ತು ನನ್ನ ಕೈ ಅಳ್ಳಾಡಲಿಲ್ಲ. ಆದರೆ ನಾವು ಚಹಾ ಕುಡಿದು ಬರುವಷ್ಟರಲ್ಲಿ, ಕಬ್ಬಿಣ ಆರುತ್ತ ಆರುತ್ತ, ಕುತ್ತಿಗೆ ಬಲಕ್ಕೆ ಸೊಟ್ಟಗಾಗಿತ್ತು.

ದಾವಲಸಾಬ ಕರಿ ಕನ್ನಡಕ ತೆಗೆದು ನೆಲದ ಮೇಲೆ ಕೂತುಬಿಟ್ಟ.

"ಆರುಮುಂದ ಕಬ್ಬಣ ಬೆಸುಗಿ ಕಡೆ ಜಗ್ಗತೈತ್ರಿ. ಗೇಟು ಮಾಡುಮುಂದ ನಾವು ನೆಲಕ್ಕ ಬಿಗದ ಇಟ್ಟಿರತೇವಿ, ಜಗ್ಗೂದು ಕಾಣೂದಿಲ್ಲ. ಎಷ್ಟ ಜಗ್ಗತೈತಿ ಅಂತ ಅಂದಾಜು ಹಿಡದು, ಅಷ್ಟ ಎಡಕ್ಕ ವಾಲಿಸಿ ಇಟ್ಟಿದ್ರು ಅಕ್ಕಾರು. ನಡುಗೂ ಕೈ ಮಾಡೂ ಕೆಲಸ ಅಲ್ರಿ ಇದು, ಮಾವಾರ."

ಕತ್ತರಿಸಿ ಮತ್ತೆ ಹಚ್ಚಲೇನು ಎಂದು ಕೇಳಿದ. ಆ ತೆಳ್ಳನೆಯ ಕುಡಗಳು ಇನ್ನೊಂದು ಕಾವು ತಾಳುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಚಿಗರಿ ಹಾಗೆಯೇ ಕುಬಿಹಾಳಕ್ಕೆ ಹೋಯಿತು.

ಅವಳು ಹೋದ ದುಃಖವನ್ನು ಹೇಗೋ ಹೊತ್ತುಕೊಂಡಿದ್ದೇನೆ. ಇದನ್ನು ಹೊರುವುದು ಕಷ್ಟವಾಗಿದೆ. ಮೈಯೆಲ್ಲ ಸೋತ ಮೇಲೂ ಅವಳಲ್ಲಿ ಉಳಿದಿದ್ದ ಜಾಣತನವನ್ನು, ಅಷ್ಟು ವರ್ಷ ಬಾಜೂಕ್ಕೆ ನಿಂತ ನಾನು, ರೋಗವೆಂದು ತಿಳಿದೆ. ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ಚಿಗರಿಯನ್ನು ಇಳಿಸಿಕೊಂಡ ದಿನ ಹೆಡ್ ಮಾಸ್ತರು ಕುತ್ತಿಗೆ ಯಾಕೆ ಹೀಗೆ ಎಂದು ಕೇಳಿದಾಗ, ಅವಳ ಕೈ ನಡುಗುತ್ತಿತ್ತು ಎಂದುಬಿಟ್ಟೆ.

ನಿನ್ನೆ ಬಸ್ ಹತ್ತಿ ಹೋದದ್ದು ಅಲ್ಲಿಗೇ. ಮಾಸ್ತರು ಯಾರೋ ಇಬ್ಬರು ಅತಿಥಿಗಳಿಗೆ ಚಿಗರಿ ತೋರಿಸುತ್ತಿದ್ದರು.

"ಕುತ್ತಿಗಿ ಸ್ವಲ್ಪ ಸೊಟ್ಟಾಗೇತ್ರಿ. ಪಾಪ, ಮಾಡಿದ ತಾಯಿಗೆ ಕಡಿಕಡಿಗೆ ಕೈ ನಡಗತಿತ್ತಂತ."

"ಇಲ್ರಿ ಸರ," ಅಂದೆ. ಧ್ವನಿ ಬೇಕಾದುದಕ್ಕಿಂತ ದೊಡ್ಡದಾಯಿತು. "ನಾ ನಿಮಗ ಸುಳ್ಳ ಹೇಳಿದ್ದೆ. ಆಕಿ ಬರೋಬ್ಬರಿ ಇಟ್ಟಿದ್ಲು. ಕೆಡಿಸಿದಾಂವ ನಾನು."

ಅತಿಥಿಗಳು ತಲೆ ತಗ್ಗಿಸಿ ಚಿಗರಿಯ ಕಾಲುಗಳನ್ನು ನೋಡತೊಡಗಿದರು. ನೋಡಲಿ ಎಂದು ನಾನು ಬಿಸಿಲಲ್ಲೇ ನಿಂತೆ. ಅವನ್ನು ಅವಳೇ ಬೆಸೆದದ್ದು. ನಾಲ್ಕೂ ನೆಲಕ್ಕೆ ಸರಿಯಾಗಿ ಊರಿದ್ದವು.