ನಿಂತೇ ಇದ್ದವರು

ನಮ್ಮ ಯಜಮಾನರು ಇಂದ್ರೇಶ್, ಒಬ್ಬ ದೊರೆಯ ಮಗ ಎಂದರೆ ಸಿಡ್ನಿಯ ಈ ಲಿವರ್‌ಪೂಲಿನಲ್ಲಿ ಯಾರೂ ನಂಬುವುದಿಲ್ಲ. ಇಲ್ಲಿನ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ರೋಗಿಗಳ ಟ್ರಾಲಿ ತಳ್ಳಿದವರು ಅವರು. ನಮ್ಮತ್ತೆ ಅರಮನೆಯಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದರು. ರಾಜ್ಯ ಹೋಗಿ ಎಷ್ಟೋ ಕಾಲವಾಗಿದ್ದರೂ ಊರಿಗೆ ದೊರೆ ದೊರೆಯೇ. ತಾಳಿ ಕಟ್ಟದ ಹೆಂಗಸಿನ ಮಗನಿಗೆ ಅನ್ನ ಹಾಕಿದರು, ಫೀಸು ಕಟ್ಟಿದರು, ಮಗನೆಂದು ಮಾತ್ರ ಕರೆಯಲಿಲ್ಲ. ದಸರಾದಲ್ಲಿ ಮನೆಯ ಮಕ್ಕಳು ಜಮಖಾನದ ಮೇಲೆ ಕೂತರೆ ಇವರು ಹಿಂದೆ ಚಾಮರ ಹಿಡಿದು ನಿಲ್ಲಬೇಕಿತ್ತು.

ದೊರೆಯ ಮದುವೆಯ ಹೆಂಡತಿಯ ಮಗಳು ಜಯಲಕ್ಷ್ಮಿ ಈಗ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿದ್ದಾರೆ. ಇವರಿಗಿಂತ ಆರು ವರ್ಷ ಚಿಕ್ಕವರು. ಆದರೂ ಇವರು ಆಕೆಯನ್ನು ‘ಅಮ್ಮಣ್ಣಿ’ ಅನ್ನಬೇಕು, ಆಕೆ ಇವರನ್ನು ಹೆಸರು ಹಿಡಿದು ಕರೆಯಬೇಕು. ಒಂದು ಸಲ ‘ಅಣ್ಣ’ ಅಂದುಬಿಟ್ಟರೆ ಸಾಕು ಎಂಬ ಆಸೆ ಇವರಿಗೆ. ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಜ್ವರ ಬಂದಾಗ.

ಕಳೆದ ವರ್ಷ ಆಕೆಯ ಮಗಳು ಚಿನ್ಮಯಿಯ ಮದುವೆಗೆ ಫೋನ್ ಬಂತು. ಎರಡು ದಿನ ಮುಂಚೆಯೇ ಬಾ ಇಂದ್ರೇಶ, ಕೆಲಸ ಇದೆ ಅಂದರಂತೆ. ನನಗೆ ಮೈಯೆಲ್ಲ ಉರಿಯಿತು. ಕುರ್ಚಿ ಹಾಕೋಕೆ ಸಿಡ್ನಿಯಿಂದ ಆಳು ಬೇಕಾ ಎಂದು ಬೈದೆ. ಕರೆದರಲ್ಲ ಬಿಡು ಎನ್ನುತ್ತ ಇವರು ಆಗಲೇ ಟಿಕೆಟ್ ಬುಕ್ ಮಾಡುತ್ತಿದ್ದರು.

ಹೋಗಿ ಮಾಡಿದ್ದೂ ಅದೇ. ಹಾಲ್‌ನಲ್ಲಿ ಕುರ್ಚಿ ಜೋಡಿಸಿದರು, ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚಿದರು. ಮುಹೂರ್ತದ ಹೊತ್ತಿಗೆ ಪುರೋಹಿತರು, ಹೆಣ್ಣನ್ನು ಮಂಟಪಕ್ಕೆ ಕರೆತರಲು ಸೋದರಮಾವ ಬರಲಿ ಎಂದು ಕೂಗಿದರು. ಜಯಲಕ್ಷ್ಮಿಯ ಚಿಕ್ಕಪ್ಪನ ಮಕ್ಕಳಿಬ್ಬರು ರೇಷ್ಮೆ ಪಂಚೆ ಸರಿಪಡಿಸಿಕೊಳ್ಳುತ್ತ ಎದ್ದು ನಿಂತರು. ನಮ್ಮವರೂ ಅಡುಗೆಮನೆಯ ಬಾಗಿಲಿಂದ ಕತ್ತು ಚಾಚಿ, ಯಾರು ಬರುತ್ತಾರೋ ಎಂದು ನೋಡುತ್ತಿದ್ದರು. ಪೆದ್ದು ಮನುಷ್ಯ.

ಜಯಲಕ್ಷ್ಮಿ ಆ ಇಬ್ಬರನ್ನೂ ದಾಟಿಕೊಂಡು ನೇರ ಇವರ ಮುಂದೆ ಬಂದು ನಿಂತರು.

“ಅಣ್ಣ, ಕೆಲಸ ಇದೆ ಅಂದಿದ್ನಲ್ಲ. ಬಾ.”

“ನಾನಾ, ಅಮ್ಮಣ್ಣಿ?”

“ಇನ್ಯಾರು? ನಮ್ಮಪ್ಪನ ಮಗ ನೀನು.”

ಇಡೀ ಹಾಲಿಗೆ ಕೇಳಿಸಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಇವರು ಏಪ್ರನ್ ಬಿಚ್ಚಿ, ಕೈ ತೊಳೆದು, ಚಿನ್ಮಯಿಯ ಕೈ ಹಿಡಿದು, ಟ್ರಾಲಿ ತಳ್ಳುವಷ್ಟೇ ಜೋಪಾನವಾಗಿ ನಡೆಸಿಕೊಂಡು ಬಂದರು. ಮಂಟಪದ ಪಕ್ಕ ಸೋದರಮಾವನಿಗೆಂದೇ ಒಂದು ಕುರ್ಚಿ ಹಾಕಿದ್ದರು. ಅದರ ಹಿಂದೆ ಹೋಗಿ ನಿಂತುಬಿಟ್ಟರು ಪುಣ್ಯಾತ್ಮ! ಕೊನೆಗೆ ಜಯಲಕ್ಷ್ಮಿಯೇ ಭುಜ ಹಿಡಿದು ಕೂರಿಸಿದರು.

ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಹತ್ತಿರ ಕರೆದು, “ಕಾಲು ನೋಯ್ತಿದೆ ಕಣೇ,” ಅಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.