ಮೇ ತಿಂಗಳ ಮಾಲೆ

ಇವತ್ತು ಲಂಡನ್ನಿನ ಗ್ರೀನ್‌ಫರ್ಡಿನಲ್ಲಿರುವ ನಮ್ಮ ಮನೆಯ ಬಾಗಿಲು ತೆಗೆಯುತ್ತಲೇ ಸೇವಂತಿಗೆಯ ವಾಸನೆ ಮೂಗಿಗೆ ಬಡಿಯಿತು. ಸೋದರ ಬಿದಿಗೆಯ ದಿನ ಪಾಯಸದ ವಾಸನೆ ಬರುವುದು ಸರಿ, ಅದನ್ನೂ ಮೀರಿ ಹೂವಿನದು ಯಾಕೆ? ಷೂ ಬಿಚ್ಚದೆ ನಿಂತುಬಿಟ್ಟೆ.

ನಿಮಗೆ ಅತ್ತೆಯ ವಿಷಯ ಹೇಳಬೇಕು. ಹೊನ್ನಾವರದ ಕಡೆಯವರು, ನನ್ನ ಹೆಂಡತಿಯ ತಾಯಿ, ನಮ್ಮೊಂದಿಗೇ ಇದ್ದಾರೆ. ಅವರ ಅಣ್ಣ ಗಣಪಣ್ಣ ಹರೆಯದಲ್ಲಿ ಗ್ರೀಕರ ಸರಕು ಹಡಗು ಹತ್ತಿ ಹೋದವರು. ಡೆಕ್ಕಿನ ಮೇಲೆ ಸಂಗಡಿಗರೊಂದಿಗೆ ನಿಂತ ಒಂದು ಫೋಟೋ ಕಳಿಸಿದರು, ಆಮೇಲೆ ಸುದ್ದಿಯಿಲ್ಲ. ಹಡಗು ಮುಳುಗಿತೆಂದು ಊರೆಲ್ಲ ಹೇಳಿತು. ಅತ್ತೆ ಒಪ್ಪಲಿಲ್ಲ. ಬದುಕಿರುವವನ ಫೋಟೋಗೆ ಮಾಲೆ ಹಾಕುವುದುಂಟೇ? ದೀಪಾವಳಿ ಕಳೆದು ಸೋದರ ಬಿದಿಗೆ ಬಂದರೆ ಅಣ್ಣನ ಹೆಸರಲ್ಲಿ ಒಂದು ತಟ್ಟೆ ಬಡಿಸಿಡುತ್ತಿದ್ದರು. ಅಣ್ಣನಿಗೆ ಕಾದು ಎಲ್ಲ ತಣ್ಣಗಾದ ಮೇಲೆಯೇ ನಮ್ಮ ಊಟ, ಆ ತಟ್ಟೆಯನ್ನೂ ಖಾಲಿ ಮಾಡುವ ಪುಣ್ಯ ನನ್ನದು. ನನ್ನ ಹೊಟ್ಟೆಯ ಸುತ್ತಳತೆಗೆ ಗಣಪಣ್ಣನವರ ಕೊಡುಗೆ ಸಣ್ಣದಲ್ಲ.

ನನಗೋ ಈಜು ಬಾರದು, ಹಡಗಿನ ಹುಚ್ಚು ಮಾತ್ರ ಬಿಟ್ಟಿಲ್ಲ. ಈ ವರ್ಷದ ಮೇ ತಿಂಗಳ ರಜೆಯಲ್ಲಿ ಗ್ರೀಸಿನ ಒಂದು ದ್ವೀಪಕ್ಕೆ ಹೋದಾಗ ಹೆಂಡತಿ ಕಡಲತೀರ ಹಿಡಿದಳು. ನಾನು ಅತ್ತೆಯನ್ನು ಕರೆದುಕೊಂಡು ಹಡಗಿನ ಮ್ಯೂಸಿಯಮ್ಮುಗಳನ್ನು ಸುತ್ತಿದೆ. ಮೊದಲನೆಯದರಲ್ಲಿ ಬರೀ ಫಿರಂಗಿ, ಯುದ್ಧನೌಕೆಯ ಚಿತ್ರ. ಅತ್ತೆ ಬೆಂಚು ಹುಡುಕಿ ಕೂತರು. ಎರಡನೆಯದು ಬಂದರಿನ ಪಕ್ಕದ ಹಳೆಯ ಮನೆ. ಒಳಗೆ ಟಾರಿನ, ಹಗ್ಗದ ವಾಸನೆ. "ನಮ್ಮ ಬಂದರದ್ದೇ ವಾಸ್ನೆ ಮಾರಾಯ್ರೆ" ಎನ್ನುತ್ತ ಒಳನಡೆದವರು ಗೋಡೆಯ ಮುಂದೆ ನಿಂತುಬಿಟ್ಟರು.

ನಮ್ಮ ನಡುಮನೆಯಲ್ಲಿರುವ ಅದೇ ಫೋಟೋ. ಅದೇ ಡೆಕ್ಕು, ತುದಿಯಲ್ಲಿ ಗಣಪಣ್ಣ. ಚೌಕಟ್ಟಿಗೆ ಹೂವಿನ ಮಾಲೆ.

ಅತ್ತೆ ಅಳಲಿಲ್ಲ. ಸರಸರನೆ ಹೊರಗೆ ಹೋಗಿ, ಬಂದರಿನ ಮೆಟ್ಟಿಲಿಳಿದು, ಉಟ್ಟ ಸೀರೆಯಲ್ಲೇ ಕಡಲಲ್ಲಿ ತಲೆ ಮುಳುಗಿಸಿದರು. ಸಾವಿನ ಸುದ್ದಿ ತಿಳಿದರೆ ಮೀಯಬೇಕಲ್ಲ! ಐಸ್‌ಕ್ರೀಮ್ ತಿನ್ನುತ್ತಿದ್ದವರು ಚೀರಿದರು. ನಾನು ದಡದಲ್ಲಿ ನಿಂತು ಬಾಯಿ ಬಡಿದುಕೊಂಡೆ. ಈಜು ಬಾರದ ಹಡಗುಪ್ರೇಮಿ ಇನ್ನೇನು ಮಾಡಿಯಾನು?

ಮ್ಯೂಸಿಯಮ್ ನೋಡಿಕೊಳ್ಳುವ ಮುದುಕಿಯೊಬ್ಬಳು ಟವೆಲು ಹಿಡಿದು ಓಡಿಬಂದಳು. ನಮ್ಮಲ್ಲಿ ಫೋಟೋಗೆ ಮಾಲೆ ಹಾಕಿದರೆ ಏನರ್ಥ ಎಂದು ಇಂಗ್ಲಿಷಿನಲ್ಲಿ ತೊದಲಿದೆ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ, ಇಲ್ಲ! ಅದು ಮೇ ತಿಂಗಳ ಹೂವು. ವಸಂತ ಬಂತೆಂದು ಮನೆಬಾಗಿಲಿಗೆ ಹಾಕುತ್ತೇವೆ. ನನ್ನಪ್ಪ ಆ ಹಡಗಿನ ಕ್ಯಾಪ್ಟನ್, ಪ್ರೀತಿಗೆ ಅಲ್ಲಿಗೂ ಒಂದು ಹಾಕಿದೆ. ಹಡಗು ಮುಳುಗಲೇ ಇಲ್ಲ, ಮುದಿಯಾಗಿ ಗುಜರಿಗೆ ಹೋಯಿತು. ಹುಡುಗರೆಲ್ಲ ಕ್ಷೇಮವಾಗಿ ದಡ ಸೇರಿದರು."

ನಾನು ಕುಣಿಯುವುದೊಂದು ಬಾಕಿ. "ಅತ್ತೆ, ಮುಳುಗಿಲ್ಲವಂತೆ! ಎಲ್ಲರೂ ದಡ ಸೇರಿದರಂತೆ!"

ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ನನ್ನ ಮುಖವನ್ನೇ ನೋಡಿದರು.

"ಹಾಗಾದ್ರೆ ಎಂತಕ್ಕೆ ಬರ್ಲಿಲ್ಲ?"

ಆ ಪ್ರಶ್ನೆ ಕೇಳಿ ಆದಷ್ಟು ಭಯ ನನಗೆ ಅವರು ನೀರಿಗಿಳಿದಾಗಲೂ ಆಗಿರಲಿಲ್ಲ.

ಈಗ ಷೂ ಬಿಚ್ಚಿ ನಡುಮನೆಗೆ ಬಂದು ನೋಡಿದರೆ ಗಣಪಣ್ಣನ ಫೋಟೋಗೆ ದಪ್ಪ ಸೇವಂತಿಗೆ ಮಾಲೆ. ಮೇಜಿನ ಮೇಲೆ ನಮ್ಮ ಮೂವರ ತಟ್ಟೆ ಮಾತ್ರ. ನಾನು ದಂಗಾಗಿಹೋದೆ.

"ಅತ್ತೆ, ಅವರು ಎಲ್ಲಾದರೂ ಬದುಕಿರಬಹುದಲ್ವಾ?"

"ಇರ್ಬಹುದು" ಎಂದರು, ಸೌಟು ಕೆಳಗಿಡದೆ. "ನಂಗೆ ಮುಳುಗಿದವನೇ ಇರ್ಲಿ. ಮುಳುಗಿದವನ ಮೇಲೆ ಸಿಟ್ಟು ಬರುದಿಲ್ಲ. ಕೂತ್ಕೊಳ್ಳಿ, ಪಾಯಸ ಬಿಸಿ ಉಂಟು."

ಆ ಹಬ್ಬದ ಪಾಯಸ ನನಗೆ ಬಿಸಿಯಾಗಿ ಸಿಕ್ಕಿದ್ದು ಇದೇ ಮೊದಲು. ತಣ್ಣಗಾಗಲಿ ಎಂದು ಕಾದು ಕೂತೆ.