ಕೆಂಪು ನೀರಿಗೆ ಪಟಿಕ

ಊರಿಗಾಂ ಗಣಿ ಕಾರ್ಮಿಕರ ಲೈನಿನ ಆರುಮುಗಂ ಕಣ್ಣಿಗೆ ಮನುಷ್ಯ ಅನ್ನಿಸಿಕೊಳ್ಳುವವನು ಒಬ್ಬನೇ, ಅದು ಆರುಮುಗಂ. ಚಿನ್ನದ ಗಣಿಯ ಮಿಲ್ಲಿನಲ್ಲಿ ಅದಿರಿನ ಪುಡಿ ತೊಳೆದವನಲ್ಲವೇ? ಗಣಿ ಮುಚ್ಚಿ ಇಷ್ಟು ವರ್ಷವಾದರೂ ಆ ಜಂಬ ಒಂದು ಪಾಳಿಯನ್ನೂ ತಪ್ಪಿಸಿರಲಿಲ್ಲ. ಆಂಡರ್ಸನ್‌ಪೇಟೆ ಅಂಗಡಿಗಳ ಒಡವೆಯೆಲ್ಲ ಅವನಿಗೆ ತಗಡು, ಕೊಂಡವರೆಲ್ಲ ಪೆದ್ದರು.

ಮೊಮ್ಮಗಳು ತ್ರಿವೇಣಿ ಬಂಗಾರಪೇಟೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಒಂದು ಶನಿವಾರ ಪುಟ್ಟ ಬಾಟಲಿಯಲ್ಲಿ ದಾಸವಾಳದಂಥ ಕೆಂಪು ನೀರು ತಂದಳು. ಸೋಮವಾರ ಪರೀಕ್ಷಕರಿಗೆ ತೋರಿಸಬೇಕಾದ ಪ್ರಾಜೆಕ್ಟ್ ಅದು. ಪಾಸಾಗುವುದು ಅದರ ಮೇಲೇ ನಿಂತಿತ್ತು. ಆದರೂ ಮೊದಲು ತಾತ ನೋಡಲಿ ಎಂದು ಆಸೆಪಟ್ಟಿದ್ದಳು, ಪಾಪ.

"ಇದ್ರಲ್ಲಿ ಚಿನ್ನ ಇದೆ ತಾತ. ಕಣ್ಣಿಗೆ ಕಾಣ್ದಷ್ಟು ಸಣ್ಣ ಕಣಗಳು. ಹಸಿರು ಬೆಳಕನ್ನ ಹಿಡಿದು ತಮ್ಮ ಮೈಸುತ್ತಲೇ ಕೂಡಿಸ್ಕೊಂತವೆ, ಕೆಂಪು ಮಾತ್ರ ಆಚೆ ಬತ್ತದೆ."

"ಚಿನ್ನ ಅಂದ್ರೆ ಅಳದಿ ಇರ್ಬೇಕು ಕಣಮ್ಮ. ಯಾರೋ ನಿನ್ ಕಿವಿಗೆ ಊವ ಇಟ್ಟವ್ರೆ."

ಅವಳು ಸ್ನಾನಕ್ಕೆ ಹೋದಳು. ಚಿನ್ನ ಭಾರ, ರಾಡಿ ಕೂತರೆ ತಳದಲ್ಲಿ ಸಿಗುತ್ತದೆ. ಮಿಲ್ಲಿನಲ್ಲಿ ಅವನು ಕಲಿತದ್ದು ಅಷ್ಟೇ. ಇದರಲ್ಲೂ ಚಿನ್ನವಿದ್ದರೆ ತಳಕ್ಕೆ ಕೂರಲಿ, ನೋಡೇಬಿಡೋಣ ಅಂದುಕೊಂಡ. ಟ್ಯಾಂಕರ್ ನೀರು ತಿಳಿಯಾಗಲೆಂದು ಅಡುಗೆಮನೆಯಲ್ಲಿಟ್ಟಿದ್ದ ಪಟಿಕವನ್ನು ಕೆರೆದು ಬಾಟಲಿಗೆ ಉದುರಿಸಿಯೇಬಿಟ್ಟ. ಕೆಂಪು ನೀಲಿಗೆ ತಿರುಗಿತು. ಸಂಜೆ ತ್ರಿವೇಣಿ ಬಾಟಲಿ ಹುಡುಕಿಕೊಂಡು ಬರುವಷ್ಟರಲ್ಲಿ ತಳದಲ್ಲಿ ಕಪ್ಪು ಗಸಿ.

"ನೋಡ್ದಾ, ಬರೀ ಮಸಿ," ಎಂದು ಬೀಗಿದ.

ತ್ರಿವೇಣಿ ಬಾಟಲಿ ಹಿಡಿದು ಕೂತೇಬಿಟ್ಟಳು. "ಮಸಿ ಅಲ್ಲ, ಅದೇ ಚಿನ್ನ. ಬಿಡಿಬಿಡಿಯಾಗಿದ್ವು, ನೀವು ಅಂಟಿಸ್ಬಿಟ್ರಿ. ಅಂಟ್ಕೊಂಡ್ರೆ ಕೆಂಪು ಬೆಳಕನ್ನೇ ಹಿಡೀತವೆ, ಅದಕ್ಕೇ ನೀಲಿ ಆಯ್ತು."

ಆರುಮುಗಂಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಅವಳ ಮುಖ ನೋಡಿ, ತಾನು ಕೆಡಿಸಿದ್ದೇನೋ ದೊಡ್ಡದೇ ಎಂಬುದಷ್ಟೇ ಹೊಳೆಯಿತು.

ಭಾನುವಾರ ಅವಳು ಕಾಲೇಜಿನ ಮೇಡಂ ಕೈಕಾಲು ಹಿಡಿದು ಲ್ಯಾಬ್ ತೆಗೆಸಿ, ಮತ್ತೊಂದು ಬಾಟಲಿ ಮಾಡಿ ತಂದಳು. ಅಮ್ಮ ಮುನಿಲಕ್ಷ್ಮಿಗೆ ಮೊಬೈಲ್ ಟಾರ್ಚ್ ಹಾಕಿ ತೋರಿಸಿದಳು. ಆರುಮುಗಂ ಎದ್ದು ಬಂದ.

"ನಾನೂ ಒಂದ್ಸಲ ನೋಡ್ತೀನಿ, ಕೊಡಮ್ಮ."

"ಬ್ಯಾಡ ತಾತ, ನಿಮ್ಗೆ ಅರ್ಥ ಆಗಲ್ಲ," ಎಂದಳು. ದನಿಯಲ್ಲಿ ಕೋಪವೂ ಇರಲಿಲ್ಲ. ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಅಮ್ಮನ ಕೈಗೆ ಕೊಟ್ಟಳು.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಅದರ ಗೇಟಿನಲ್ಲಿ ದಿನಾ ಅವನ ಜೇಬು ತಡಕುತ್ತಿದ್ದರು. ಕಳ್ಳನೆಂದು ಅನುಮಾನಿಸಿದವರನ್ನು ಬೈದುಕೊಂಡು, ಮನೆಗೆ ಬಂದು ನಗುತ್ತಿದ್ದ. ದಡ್ಡನೆಂದು ಬೀಗ ಹಾಕಿದವಳನ್ನು ಬೈಯಲು ಬಾಯಿ ಬರಲಿಲ್ಲ.